‘ಪೇರೆಂತಾ’ ಅಂದರೆ ನನ್ನ ತಮ್ಮನಿಗೆ ಹಾಲು: ಪಂಚಾಯತುಗಳಿಗೊಂದು ಬಹಿರಂಗ ಪತ್ರ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಗ್ರಾಮ ಪಂಚಾಯತ್ ಅಧ್ಯಕ್ಷರಿಗೆ, ಕ್ಷೇಮಕಾರ್ಯ ಸ್ಥಾಯಿ ಸಮಿತಿಯವರಿಗೆ, ಜಿಲ್ಲೆಯಲ್ಲಿ ಅಂಗವಿಕಲರ ವಿಚಾರ ನೋಡುವ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ಕೇರಳದ ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯವಳು. ಮನೆಯಲ್ಲಿ ತುಳು ಮಾತಾಡುತ್ತೇವೆ. ಓದಿದ್ದು ಕನ್ನಡ ಶಾಲೆಯಲ್ಲಿ. ಅಪ್ಪ ತೀರಿಕೊಂಡು ಹತ್ತು ವರ್ಷ ಆಯಿತು, ಅಮ್ಮ ಹೋಗಿ ನಾಲ್ಕು ವರ್ಷ. ಈಗ ಮನೆಯಲ್ಲಿ ನಾನು ಮತ್ತು ನನ್ನ ತಮ್ಮ. ಅವನಿಗೆ 31 ವರ್ಷ. ಹುಟ್ಟುವಾಗಲೇ ಬುದ್ಧಿಯ ಬೆಳವಣಿಗೆ ನಿಧಾನ. ಎಡಗಾಲಿಗೂ ಬಲ ಕಡಿಮೆ. ಅವನಂಥವರ ಮಾತು ಕೇಳುವ ಸಲಹಾ ಸಮಿತಿ ಪ್ರತಿ ಪಂಚಾಯತಿನಲ್ಲಿ ಬೇಕು, ಅವರ ತಪಾಸಣೆ ಅವರ ಮನೆಮಾತಿನಲ್ಲಿ ನಡೆಯಬೇಕು ಅಂತ ಕೇಳಲು ಈ ಪತ್ರ.

ನಮ್ಮ ಪಂಚಾಯತಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಆ ಒಂದು ಕಛೇರಿಯ ವಿಷಯ ಅಂತ ಉಳಿದವರು ಪತ್ರ ಮಡಚಿ ಇಡಬಹುದು. ನಾನು ಕಂಡದ್ದನ್ನು ಬೇರೆ ಪಂಚಾಯತುಗಳ ಅಮ್ಮಂದಿರೂ ಕಂಡಿದ್ದಾರೆ. ಚಿಕಿತ್ಸೆಯ ಕ್ಯಾಂಪುಗಳಲ್ಲಿ, ಬಸ್ ಸ್ಟ್ಯಾಂಡುಗಳಲ್ಲಿ ಅವರೇ ನನಗೆ ಹೇಳಿದ್ದಾರೆ.

ಮೊದಲು ತಮ್ಮನ ತಪಾಸಣೆಯ ದಿನದ ಕಥೆ ಹೇಳುತ್ತೇನೆ. ಅಂಗವೈಕಲ್ಯದ ಸರ್ಟಿಫಿಕೇಟನ್ನು ಹೊಸದಾಗಿ ಮಾಡಿಸಬೇಕು ಅಂದರು. ಕ್ಯಾಂಪಿಗೆ ಹೋದೆವು. ಬೆಳಿಗ್ಗೆ ಎಂಟಕ್ಕೆ ಹೋದವರಿಗೆ ಸರದಿ ಬಂದಾಗ ಮಧ್ಯಾಹ್ನ ಎರಡು ಗಂಟೆ. ಒಳಗೆ ಕೂತಿದ್ದವರು ಒಳ್ಳೆಯವರೇ, ನಗುತ್ತಾ ಮಾತಾಡಿಸಿದರು. ಮಲಯಾಳದಲ್ಲಿ ‘ಪೇರೆಂತಾ?’ ಅಂದರು. ಹೆಸರೇನು ಅಂತ ಕೇಳಿದ್ದು. ತುಳುವಿನಲ್ಲಿ ‘ಪೇರ್’ ಅಂದರೆ ಹಾಲು. ತಮ್ಮ ಒಂದು ಕ್ಷಣ ಯೋಚಿಸಿ ‘ಪರ್ಯೆ’ ಅಂದ. ಕುಡಿದೆ ಅಂತ. ಬೆಳಿಗ್ಗೆ ಹಾಲು ಕುಡಿದೇ ಹೊರಟಿದ್ದ, ಅದನ್ನೇ ಹೇಳಿದ. ಆಮೇಲೆ ಚಿತ್ರ ತೋರಿಸಿ ಕೇಳಿದರು, ಎಣಿಸಲು ಹೇಳಿದರು, ಇದನ್ನು ಅಲ್ಲಿ ಇಡು ಅಂದರು. ಎಲ್ಲವೂ ಮಲಯಾಳದಲ್ಲೇ. ಅವನು ನನ್ನ ಮುಖ ನೋಡಿದ. ನಾನು ತುಳುವಿನಲ್ಲಿ ಹೇಳಲು ಬಾಯಿ ತೆರೆದೆ. ‘ನೀವು ಹೇಳಿಕೊಡಬೇಡಿ, ಅವನೇ ಹೇಳಲಿ’ ಅಂದರು. ಹತ್ತು ನಿಮಿಷದಲ್ಲಿ ಮುಗಿಯಿತು. ಪ್ರಶ್ನೆಗೆ ಸಂಬಂಧ ಇಲ್ಲದ ಉತ್ತರ ಕೊಡುತ್ತಾನೆ, ಸೂಚನೆ ಅರ್ಥವಾಗುವುದಿಲ್ಲ ಅಂತ ಬರೆದುಕೊಂಡರು.

ಆ ಬರಹ ಅವನ ಬೆನ್ನು ಬಿಡಲಿಲ್ಲ. ಮುಂದೆ ಒಂದು ಕೆಲಸ ಕಲಿಸುವ ಕೇಂದ್ರಕ್ಕೆ ಸೇರಿಸಲು ಹೋದಾಗ ಅದೇ ಕಾಗದ ನೋಡಿದರು. ‘ತೀವ್ರ ಅಂತ ಇದೆ, ಇವನಿಗೆ ಆಗುವುದಿಲ್ಲ’ ಅಂದರು. ನನ್ನ ತಮ್ಮ ಮನೆಯಲ್ಲಿ ಅಡಿಕೆ ಸುಲಿಯುತ್ತಾನೆ. ಸುಲಿದದ್ದನ್ನು ಬೇರೆ ಬೇರೆ ಮಾಡುತ್ತಾನೆ. ಒಳ್ಳೆಯದು ಒಂದು ಬುಟ್ಟಿಗೆ, ಪಟೋರ ಇನ್ನೊಂದಕ್ಕೆ, ಕರಿಗೋಟು ಮೂಲೆಗೆ. ಒಂದು ಅಡಿಕೆಯೂ ತಪ್ಪುವುದಿಲ್ಲ. ಅಂಗಡಿಯವರು ಕೈ ಹಾಕಿ ನೋಡುವುದೂ ಇಲ್ಲ. ಸೂಚನೆ ಅರ್ಥವಾಗದವನು ಮಾಡುವ ಕೆಲಸವಾ ಇದು? ಅವನಿಗೆ ಅರ್ಥವಾಗದ್ದು ಮಲಯಾಳ. ಆ ದಿನ ಆ ಕೋಣೆಯಲ್ಲಿ ತುಳು ಬಲ್ಲವರು ಒಬ್ಬರಿದ್ದಿದ್ದರೆ ಅವನ ಕಾಗದದಲ್ಲಿ ಬೇರೆ ಮಾತು ಇರುತ್ತಿತ್ತು.

ನನಗೆ ಮಲಯಾಳದ ಮೇಲೆ ಸಿಟ್ಟಿಲ್ಲ. ನಾನು ಮಾತಾಡುತ್ತೇನೆ, ಸ್ವಲ್ಪ ಓದುತ್ತೇನೆ. ಅಮ್ಮ ಹಾಸಿಗೆ ಹಿಡಿದಿದ್ದಾಗ ವಾರ ವಾರ ಮನೆಗೆ ಬಂದು ಗಾಯ ತೊಳೆದು ಕಟ್ಟಿದ ಪಾಲಿಯೇಟಿವ್ ನರ್ಸ್ ಮಲಯಾಳದವರೇ. ಅಮ್ಮನಿಗಾಗಿ ನಾಲ್ಕು ಕನ್ನಡ ಮಾತು ಕಲಿತುಕೊಂಡರು. ಅವರನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆದರೆ ನನ್ನ ಹಾಗೆ ಇನ್ನೊಂದು ಭಾಷೆ ಕಲಿತುಕೊಳ್ಳುವುದು ನನ್ನ ತಮ್ಮನಿಂದ ಆಗುವುದಿಲ್ಲ. ಒಂದು ಭಾಷೆ ಹಿಡಿದುಕೊಳ್ಳಲಿಕ್ಕೇ ಅವನಿಗೆ ಎಷ್ಟೋ ವರ್ಷ ಬೇಕಾಯಿತು. ಉಳಿದ ಕನ್ನಡಿಗರಿಗೆ ಕಛೇರಿಯ ಭಾಷೆ ಒಂದು ಕಷ್ಟ ಇರಬಹುದು. ಅವನಿಗೆ ಅದು ಮೆಟ್ಟಿಲು. ಗಾಲಿಕುರ್ಚಿಯವರಿಗೆ ಮೆಟ್ಟಿಲು ಹೇಗೋ ಹಾಗೆ.

ಇದು ನಾನು ಸುಮ್ನೆ ಹೇಳುವ ಮಾತಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ತಡೆ ಅಂದರೆ ಏನು ಅಂತ ಅದು ಹೇಳುವಾಗ ಕಟ್ಟಡದ ತಡೆಯನ್ನು ಮಾತ್ರ ಹೇಳಿಲ್ಲ, ಸಂವಹನದ ತಡೆಯನ್ನೂ ಸೇರಿಸಿದೆ. ಸಂವಹನ ಅಂದರೆ ಏನು ಅಂತ ಹೇಳುವ ಕಡೆ ಬ್ರೈಲ್, ಸಂಜ್ಞೆ ಭಾಷೆ, ದೊಡ್ಡ ಅಕ್ಷರಗಳ ಜೊತೆಗೆ ‘ಭಾಷೆಗಳು’ ಅಂತಲೂ ಇದೆ, ಸರಳ ಭಾಷೆ ಅಂತಲೂ ಇದೆ. ನಮ್ಮ ರಾಜ್ಯದ 1969ರ ಆಡಳಿತ ಭಾಷಾ ಕಾನೂನು, ಅದಕ್ಕೆ ಮಾಡಿದ ತಿದ್ದುಪಡಿಯ ಮೂಲಕ, ಕನ್ನಡದವರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅನ್ನುವ ಹಕ್ಕನ್ನು ಆಗಲೇ ಕೊಟ್ಟಿತು. ಸಂವಿಧಾನದ 350ನೇ ವಿಧಿಯೂ ದೂರನ್ನು ನಮ್ಮ ಭಾಷೆಯಲ್ಲಿ ಕೊಡುವ ಹಕ್ಕು ಕೊಟ್ಟಿದೆ. ಇವನ್ನೆಲ್ಲ ನಾನು ಅಮ್ಮ ತೀರಿಕೊಂಡ ಮೇಲೆ ಓದಿದ್ದು. ಓದಲೇಬೇಕಾಯಿತು.

ಈಗ ಸಭೆಗಳ ವಿಷಯಕ್ಕೆ ಬರುತ್ತೇನೆ. ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಪಂಚಾಯತುಗಳಿಗೆ ಇಷ್ಟು ಅಧಿಕಾರ, ಇಷ್ಟು ಹಣ ಕೊಟ್ಟ ರಾಜ್ಯಗಳು ದೇಶದಲ್ಲಿ ಜಾಸ್ತಿ ಇಲ್ಲ. 1996ರಲ್ಲಿ ಜನಕೀಯ ಯೋಜನೆ ಶುರುವಾದ ಮೇಲೆ ಊರಿಗೆ ಏನು ಬೇಕು ಅಂತ ಊರಿನವರೇ ಗ್ರಾಮಸಭೆಯಲ್ಲಿ ಹೇಳುವ ದಾರಿ ತೆರೆಯಿತು. ಅಂಗವಿಕಲರಿಗಾಗಿಯೇ ಬೇರೆ ಗ್ರಾಮಸಭೆ ಕರೆಯುವ ಕ್ರಮವೂ ಇದೆ. ನೋಟೀಸಿನಲ್ಲಿ ‘ಭಿನ್ನಶೇಷಿ ಗ್ರಾಮಸಭೆ’ ಅಂತ ಬರುತ್ತದೆ. ಕನ್ನಡ ಓದುವವರಿಗೆ ಆ ಪದವೇ ತಿಳಿಯುವುದಿಲ್ಲ. ನನ್ನ ಪಕ್ಕದ ಮನೆಯ ದೊಡ್ಡಮ್ಮ ಅದೇನೋ ಮದ್ದಿನ ಹೆಸರು ಅಂದುಕೊಂಡಿದ್ದರು. ಅವರ ಮಗನಿಗೆ ಎರಡು ಕಣ್ಣೂ ಕಾಣುವುದಿಲ್ಲ. ಸಭೆ ಅವನಿಗಾಗಿಯೇ ಕರೆದದ್ದು ಅಂತ ಅವರಿಗೆ ತಿಳಿಯಲೇ ಇಲ್ಲ.

ನಾವು ಹೋದ ಸಭೆ ಮೇಲಿನ ಮಹಡಿಯ ಹಾಲ್‌ನಲ್ಲಿತ್ತು. ತಮ್ಮನನ್ನು ಮೂರು ಜನ ಹಿಡಿದು ಹತ್ತಿಸಿದೆವು. ಗಾಲಿಕುರ್ಚಿಯಲ್ಲಿ ಬಂದ ಒಬ್ಬ ಅಣ್ಣ ಕೆಳಗೆ ರಿಕ್ಷಾದಲ್ಲೇ ಕೂತರು. ಹಾಜರಿ ಪುಸ್ತಕವನ್ನು ಅವರಿದ್ದಲ್ಲಿಗೇ ತಂದು ಸಹಿ ಹಾಕಿಸಿಕೊಂಡರು. ಸಭೆಗೆ ಬಂದವರ ಲೆಕ್ಕದಲ್ಲಿ ಅವರೂ ಸೇರಿದ್ದಾರೆ, ಸಭೆ ಮಾತ್ರ ಅವರು ನೋಡಲಿಲ್ಲ. ಮೇಲೆ ಒಂದೂವರೆ ಗಂಟೆ ಭಾಷಣ ಆಯಿತು. ಆಮೇಲೆ ಮಲಯಾಳದಲ್ಲಿ ಅಚ್ಚಾದ ಫಾರಂ ಹಂಚಿದರು. ಗಾಲಿಕುರ್ಚಿ, ಕನ್ನಡಕ, ಕಿವಿಯ ಯಂತ್ರ, ಸ್ಕೂಟರ್. ಬೇಕಾದದ್ದಕ್ಕೆ ಗೀಟು ಹಾಕಿ ಅಂದರು. ‘ಇದರಲ್ಲಿ ಇಲ್ಲದ್ದು ಬೇಕಾದರೆ ಎಲ್ಲಿ ಬರೆಯುವುದು?’ ಅಂತ ಕೇಳಿದೆ. ‘ಹಿಂದೆ ಬರೆಯಿರಿ’ ಅಂದರು. ಬರೆದೆ, ಕನ್ನಡದಲ್ಲಿ. ಅದನ್ನು ಯಾರು ಓದಿದರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಚಹಾ, ಬಿಸ್ಕೆಟ್ ಕೊಟ್ಟರು. ಹೊರಟು ಬಂದೆವು.

ಕೆಲವು ತಿಂಗಳಾದ ಮೇಲೆ ನಮ್ಮ ವಾರ್ಡಿನ ಒಬ್ಬ ಹುಡುಗನಿಗೆ ಗಾಲಿಕುರ್ಚಿ ಬಂತು. ಹೊಳೆಯುವ ಹೊಸ ಕುರ್ಚಿ. ಅವರ ಮನೆ ಇರುವುದು ತೋಟದ ತಗ್ಗಿನಲ್ಲಿ. ರಸ್ತೆಯಿಂದ ಮುರಕಲ್ಲಿನ ಮೆಟ್ಟಿಲು ಇಳಿದು, ತೋಡು ಅಂದರೆ ಸಣ್ಣ ಹಳ್ಳ ದಾಟಬೇಕು. ತೋಡಿಗೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಮಳೆಗಾಲದಲ್ಲಿ ನಾವೇ ಆ ಸಂಕದ ಮೇಲೆ ಬದಿಯ ಬಳ್ಳಿ ಹಿಡಿದು ದಾಟುತ್ತೇವೆ. ಅವನ ಅಪ್ಪ ಕುರ್ಚಿಯನ್ನು ಹೊತ್ತು ಮನೆಗೆ ತಂದರು, ಮಗನನ್ನು ಹೊತ್ತು ರಸ್ತೆಗೆ ತರುತ್ತಾರೆ. ಹುಡುಗನಿಗೆ ಈಗ ಹದಿನಾರು, ಅಪ್ಪನಿಗೆ ಐವತ್ತು ದಾಟಿದೆ. ಕುರ್ಚಿ ಜಗಲಿಯಲ್ಲಿದೆ. ಅವರಿಗೆ ಮೊದಲು ಬೇಕಿದ್ದದ್ದು ಕಾಂಕ್ರೀಟಿನ ಕಾಲುಸಂಕ ಮತ್ತು ಇಳಿಜಾರಿನ ದಾರಿ. ಅದೇ ಪಂಚಾಯತು ಅದೇ ವರ್ಷ ಬೇರೆ ಕಡೆ ಎರಡು ಕಾಲುಸಂಕ ಕಟ್ಟಿಸಿತು. ಆದರೆ ಸಂಕ ರಸ್ತೆಯ ಲೆಕ್ಕಕ್ಕೆ, ಗಾಲಿಕುರ್ಚಿ ಅಂಗವಿಕಲರ ಲೆಕ್ಕಕ್ಕೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಮನುಷ್ಯ ಯೋಜನೆ ಮಾಡುವ ಜಾಗದಲ್ಲಿ ಇರಲಿಲ್ಲ. ಆ ಅಪ್ಪನೇ ಅಲ್ಲಿ ಕೂತಿದ್ದರೆ ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದರು.

ಸಲಹಾ ಸಮಿತಿ ಅಂತ ಒಂದು ಬೇಕಾಗುವುದು ಇದಕ್ಕೇ ಅಲ್ವಾ? ಸಾಮಗ್ರಿ ಹಂಚಲು ಕಛೇರಿ ಸಾಕು. ರಸ್ತೆ, ಸಂಕ, ಬಸ್ಸು, ಅಂಗನವಾಡಿ, ಕುಡಿಯುವ ನೀರಿನ ಟ್ಯಾಂಕಿ, ಇವೆಲ್ಲದರಲ್ಲೂ ನಾವಿದ್ದೇವೆ ಅಂತ ನೆನಪಿಸಲು ಸಮಿತಿ ಬೇಕು. ಕಾಯ್ದೆಯ 66ನೇ ಸೆಕ್ಷನ್ ರಾಜ್ಯಕ್ಕೆ ಸಲಹಾ ಮಂಡಳಿ ಇರಬೇಕು ಅನ್ನುತ್ತದೆ, 72ನೇ ಸೆಕ್ಷನ್ ಜಿಲ್ಲೆಗೆ ಸಮಿತಿ ಇರಬೇಕು ಅನ್ನುತ್ತದೆ. ಪಂಚಾಯತಿಗೆ ಅಂತ ಅದರಲ್ಲಿ ಬೇರೆ ಸಮಿತಿ ಹೇಳಿಲ್ಲ. ಆದರೆ ನಮ್ಮ ಬದುಕು ನಡೆಯುವುದು ತಿರುವನಂತಪುರದಲ್ಲೂ ಅಲ್ಲ, ವಿದ್ಯಾನಗರದ ಕಲೆಕ್ಟರೇಟಿನಲ್ಲೂ ಅಲ್ಲ. ತೋಡಿನ ಆಚೆ ಈಚೆ ನಡೆಯುತ್ತದೆ. ಅಲ್ಲಿ ಅಧಿಕಾರ ಇರುವುದು ನಿಮಗೆ. ಯೋಜನೆ ತಯಾರಿಸುವ ವರ್ಕಿಂಗ್ ಗ್ರೂಪ್ ಮಾಡುವವರು ನೀವು, ವಿಶೇಷ ಗ್ರಾಮಸಭೆ ಕರೆಯುವವರು ನೀವು, ಯೋಜನೆಯ ಹಣದಲ್ಲಿ ಅಂಗವಿಕಲರಿಗೆ ಪಾಲು ಇಡುವವರೂ ನೀವೇ. ಹೊಸ ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ.

ಸಮಿತಿಯ ಕುರ್ಚಿಯಲ್ಲಿ ಯಾರು ಕೂರಬೇಕು ಅನ್ನುವುದಕ್ಕೆ ಮಾದರಿಯೂ ಕಣ್ಣ ಮುಂದೆಯೇ ಇದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಎಲ್ಲರೂ ನ್ಯಾಷನಲ್ ಟ್ರಸ್ಟ್ ಅನ್ನುತ್ತಾರಲ್ಲ, ಅದರ ಪ್ರಕಾರ ಸ್ಥಳೀಯ ಮಟ್ಟದ ಸಮಿತಿ ಇದೆ. ನನ್ನ ತಮ್ಮನಂಥವರಿಗೆ 18 ತುಂಬಿದ ಮೇಲೆ ಕಾನೂನಿನ ಪೋಷಕರನ್ನು ನೇಮಿಸುವುದು ಆ ಸಮಿತಿಯೇ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೂ ಅದೇ. ಅದರಲ್ಲಿ ಜಿಲ್ಲಾಧಿಕಾರಿಯ ದರ್ಜೆಯ ಒಬ್ಬರು, ನೋಂದಣಿಯಾದ ಸಂಸ್ಥೆಯ ಒಬ್ಬರು, ಜೊತೆಗೆ ಅಂಗವಿಕಲರೊಬ್ಬರು ಇರಬೇಕು. ಮೂರರಲ್ಲಿ ಒಂದು ಕುರ್ಚಿ ಅಂತ ದೇಶದ ಕಾನೂನೇ ಬರೆದಿದೆ. ಪಂಚಾಯತಿನಲ್ಲಿ ಅದಕ್ಕಿಂತ ಕಡಿಮೆ ಯಾಕಿರಬೇಕು? ನನ್ನ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಇರಬೇಕು. ಮಾತಾಡಲು ಆಗದವರ ಪರವಾಗಿ ಅವರನ್ನು ನೋಡಿಕೊಳ್ಳುವ ಅಮ್ಮ, ಅಕ್ಕ, ಅಣ್ಣ ಕೂರಲಿ.

ಈ ಪೋಷಕತ್ವದ ಬಗ್ಗೆ ಒಂದು ಮಾತು. ಅಮ್ಮ ಇರುವ ತನಕ ಇಂಥದ್ದೊಂದು ಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಅಮ್ಮ ಹೋದ ಮೇಲೆ ತಮ್ಮನ ಬ್ಯಾಂಕ್ ಖಾತೆಗೆ ಕೈ ಹಾಕಲು ಆಗದೆ ಅಲೆದೆ. ತಿಂಗಳುಗಟ್ಟಲೆ ಅಲೆದೆ. ಆಶಾ ವರ್ಕರ್, ಅಂಗನವಾಡಿ ಟೀಚರ್, ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀಯವರು ನಮ್ಮ ಮನೆಗೆ ಬರುತ್ತಲೇ ಇದ್ದರು. ಅವರ ಕೈಯಲ್ಲಿ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಇದ್ದಿದ್ದರೆ ಸಾಕಿತ್ತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ ಆಶ್ವಾಸಕಿರಣಂ ಅಂತ ಇದೆ. ನಿರಾಮಯ ಅಂತ ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ. ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡ್ ದೇಶದಲ್ಲೆಲ್ಲ ನಡೆಯುತ್ತದೆ, ಮಂಗಳೂರಿಗೆ ಓಡಾಡುವ ನಮಗೆ ಅದು ಎಷ್ಟು ಮುಖ್ಯ ಅಂತ ನಿಮಗೆ ಹೇಳಬೇಕಾಗಿಲ್ಲ. ಇವೆಲ್ಲ ನನಗೆ ತಿಳಿದದ್ದು ಬಸ್ಸಿನಲ್ಲಿ ಪಕ್ಕ ಕೂತ ಒಬ್ಬ ಅಮ್ಮನಿಂದ.

ನಮ್ಮ ಜಿಲ್ಲೆಗೆ ಇದೆಲ್ಲ ಹೊಸದಲ್ಲ ಅನ್ನುವುದೇ ನನಗೆ ಹೆಚ್ಚು ನೋವಿನ ವಿಷಯ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ನಮ್ಮ ತಲೆಯ ಮೇಲೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ಹೀಗೆ 11 ಪಂಚಾಯತುಗಳ ಹೆಸರು ಪೀಡಿತರ ಪಟ್ಟಿಯಲ್ಲಿ ಬಂತು. ಅದರಲ್ಲಿ ಎಷ್ಟೋ ಮನೆಗಳು ಕನ್ನಡ, ತುಳು, ಮರಾಟಿ ಮಾತಾಡುವ ಮನೆಗಳು. ಮೊದಲು ಇದನ್ನು ಕಂಡುಹಿಡಿದದ್ದು ಯಾರು? ಪಡ್ರೆಯ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರಂಥವರು. ಒಂದೇ ಊರಿನ ಇಷ್ಟು ಮನೆಗಳಲ್ಲಿ ಯಾಕೆ ಇಂಥ ಕಾಯಿಲೆ ಅಂತ ಅವರಿಗೆ ಸಂಶಯ ಬಂತು. ಊರಿನಲ್ಲೇ ಕೂತು, ಊರಿನವರ ಮಾತಿನಲ್ಲೇ ಅವರ ಕಷ್ಟ ಕೇಳಿದ ವೈದ್ಯರು ಅವರು. ಆಮೇಲೆ ತಜ್ಞರು ಬಂದರು, ವರದಿಗಳು ಬಂದವು, 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. 2017ರ ಜನವರಿಯಲ್ಲಿ ಪೀಡಿತರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಸರಕಾರಕ್ಕೆ ಹೇಳಿತು. ಆ ದುಡ್ಡಿಗೂ ಅಮ್ಮಂದಿರು ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ರಸ್ತೆಯಲ್ಲಿ ಕೂರಬೇಕಾಯಿತು. ಎದುರು ಕೂತು ಕೇಳಿಸಿಕೊಳ್ಳುವ ಸಮಿತಿಯೊಂದು ಪ್ರತಿ ಪಂಚಾಯತಿನಲ್ಲಿ ಇರಬೇಕು ಅಂತ ನಾನು ಬೇಡುವುದರ ಹಿಂದೆ ಇಷ್ಟೆಲ್ಲ ಇದೆ.

ಕನ್ನಡ ಸಂಘಟನೆಗಳ ಹಿರಿಯರಿಗೂ ಇಲ್ಲೇ ಒಂದು ಮಾತು. ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ಹಾಕಿದಾಗ ನೀವು ಬೀದಿಗೆ ಇಳಿದಿರಿ. ನಾನೂ ಬಂದಿದ್ದೆ, ಮಳೆಯಲ್ಲಿ ನಿಂತಿದ್ದೆ. ಅರ್ಜಿಯ ಫಾರಂಗಳಿಗಾಗಿ, ಬೋರ್ಡುಗಳಿಗಾಗಿ ಹೋರಾಡಿದಿರಿ. ಆದರೆ ತಪಾಸಣೆಯ ಕೋಣೆಯಲ್ಲಿ ಕನ್ನಡ ಇಲ್ಲ ಅಂತ ಒಂದು ಮನವಿಯನ್ನೂ ನಾನು ನೋಡಿಲ್ಲ. ಶಾಲೆಗೆ ಹೋಗುವ ಮಗುವಿಗೆ ಕನ್ನಡ ಎಷ್ಟು ಬೇಕೋ, ಮಾತು ಕಲಿಸಲು ಥೆರಪಿಗೆ ಹೋಗುವ ಮಗುವಿಗೆ ಅದಕ್ಕಿಂತ ಹೆಚ್ಚು ಬೇಕು. ಅಲ್ಲಿ ಕಲಿತ ಪದವನ್ನು ಅದು ಮನೆಗೆ ಬಂದು ಅಮ್ಮನ ಹತ್ತಿರ ಹೇಳಬೇಕು. ಅಮ್ಮನಿಗೆ ಅದು ತಿಳಿಯದಿದ್ದರೆ ಕಲಿತು ಏನು ಬಂತು? ನಿಮ್ಮ ಮುಂದಿನ ಮನವಿಯಲ್ಲಿ ನಮ್ಮನ್ನೂ ಸೇರಿಸಿ.

ಪಂಚಾಯತ್ ಅಧ್ಯಕ್ಷರೇ, ಸದಸ್ಯರೇ, 2025ರ ಡಿಸೆಂಬರಿನ ಚುನಾವಣೆಯಲ್ಲಿ ಗೆದ್ದು ಬಂದವರು ನೀವು. ಮತ ಕೇಳಲು ನಮ್ಮ ಜಗಲಿಗೂ ಬಂದಿದ್ದಿರಿ, ಅದೇ ಸಂಕ ದಾಟಿ. ಹಾಗಾಗಿ ಧೈರ್ಯದಿಂದ ಕೇಳುತ್ತಿದ್ದೇನೆ.

ನಿಮ್ಮ ಪಂಚಾಯತಿನಲ್ಲಿ ಅಂಗವಿಕಲರ ಸಲಹಾ ಸಮಿತಿಯೊಂದನ್ನು ಮಾಡಿ. ವರ್ಷಕ್ಕೊಮ್ಮೆ ಬೇಡ, ಮೂರು ತಿಂಗಳಿಗೊಮ್ಮೆ ಸೇರಲಿ. ವಾರ್ಡಿನ ಗ್ರಾಮಸಭೆಗೂ ಅದೇ ಲೆಕ್ಕ ತಾನೇ? ನೆಲ ಅಂತಸ್ತಿನಲ್ಲಿ ಸೇರಲಿ. ಕಛೇರಿಯ ಕೆಳಗೆ ಜಾಗ ಇಲ್ಲದಿದ್ದರೆ ಅಂಗನವಾಡಿ ಇದೆ, ಶಾಲೆ ಇದೆ, ಭಜನಾ ಮಂದಿರದ ಚಪ್ಪರ ಇದೆ. ಬರುವವರಿಗೆ ರಿಕ್ಷಾದ ಬಾಡಿಗೆ ಕೊಡಿ. ಮನೆಯಲ್ಲಿ ಒಬ್ಬರನ್ನು ಬಿಟ್ಟು ಬರಲಾಗದ ಅಮ್ಮನಿಗೆ ಒಂದು ದಿನದ ಕೂಲಿ, ರಿಕ್ಷಾ ಬಾಡಿಗೆ ಎರಡೂ ದೊಡ್ಡದು. ನೋಟೀಸು, ಫಾರಂ ಕನ್ನಡದಲ್ಲೂ ಇರಲಿ, ಓದಲು ಬಾರದವರಿಗೆ ವಾರ್ಡ್ ಮೆಂಬರು ಅಥವಾ ಆಶಾ ವರ್ಕರ್ ಬಾಯಲ್ಲಿ ಹೇಳಲಿ. ಕಣ್ಣು ಕಾಣದವರಿಗೆ ಫೋನಿನಲ್ಲಿ ಧ್ವನಿ ಸಂದೇಶ ಕಳಿಸಿದರೂ ಸಾಕು, ಅದಕ್ಕೆ ಖರ್ಚು ಇಲ್ಲ. ಸಭೆ ಮುಗಿಯುವ ಮೊದಲು, ಬರೆದುಕೊಂಡ ತೀರ್ಮಾನವನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ. ಹೋದ ಸಲ ಕೇಳಿದ್ದರಲ್ಲಿ ಏನಾಯಿತು, ಏನಾಗಲಿಲ್ಲ, ಯಾಕೆ ಆಗಲಿಲ್ಲ ಅಂತ ಮುಂದಿನ ಸಭೆಯಲ್ಲಿ ಮೊದಲು ಹೇಳಿ. ಆಗಲಿಲ್ಲ ಅಂದರೆ ನಮಗೆ ಬೇಜಾರಾಗುತ್ತದೆ, ಆದರೆ ತಿಳಿಯುತ್ತದೆ. ರಸ್ತೆ, ಸಂಕ, ಕಟ್ಟಡದ ಯಾವ ಯೋಜನೆಯೂ ಈ ಸಮಿತಿ ಒಮ್ಮೆ ನೋಡದೆ ಮುಂದೆ ಹೋಗಬಾರದು.

ಜಿಲ್ಲೆಯ ಸಮಿತಿಗಳಲ್ಲಿ ಇರುವವರಲ್ಲಿ ನನ್ನ ಬೇಡಿಕೆ ಒಂದೇ, ಅದು ದೊಡ್ಡದು. ಬುದ್ಧಿಯ ತಪಾಸಣೆ, ಮಾತಿನ ತಪಾಸಣೆ ಆ ಮನುಷ್ಯನ ಮನೆಮಾತಿನಲ್ಲಿ ನಡೆಯಬೇಕು. ತಜ್ಞರಿಗೆ ಕನ್ನಡ, ತುಳು ಬಾರದಿದ್ದರೆ ಪಕ್ಕದಲ್ಲಿ ಬಲ್ಲವರನ್ನು ಕೂರಿಸಿ. ಮನೆಯವರು ಹೇಳಿಕೊಡುತ್ತಾರೆ ಅನ್ನುವ ಸಂಶಯ ಇದ್ದರೆ ಹೊರಗಿನವರನ್ನೇ ಕೂರಿಸಿ. ಎರಡು ತಾಲೂಕಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ನಿವೃತ್ತ ಅಧ್ಯಾಪಕರು ಎಷ್ಟೋ ಮಂದಿ ಇದ್ದಾರೆ, ಕರೆದರೆ ಸಂತೋಷದಿಂದ ಬರುತ್ತಾರೆ. ಮತ್ತು ಈಗಾಗಲೇ ಬೇರೆ ಭಾಷೆಯಲ್ಲಿ ತಪಾಸಣೆ ಆಗಿ ‘ತೀವ್ರ’ ಅಂತ ಬರೆಸಿಕೊಂಡವರಲ್ಲಿ ಯಾರು ಕೇಳುತ್ತಾರೋ ಅವರಿಗೆ ಮತ್ತೊಮ್ಮೆ ಅವಕಾಶ ಕೊಡಿ. ಶೇಕಡಾ ಕಡಿಮೆಯಾಗಿ ಸಿಗುವ ದುಡ್ಡೂ ಕಡಿಮೆಯಾದೀತು ಅಂತ ಕೆಲವರು ನನ್ನನ್ನು ಎಚ್ಚರಿಸಿದ್ದಾರೆ. ಆದರೆ ಆಗಲಿ. ನನ್ನ ತಮ್ಮನಿಗೆ ಏನು ಬರುತ್ತದೆ ಅನ್ನುವುದು ಅವನ ಕಾಗದದಲ್ಲಿ ಇರಬೇಕು. ನಾನು ಇಲ್ಲದ ದಿನ ಆ ಕಾಗದ ನೋಡಿಯೇ ಯಾರೋ ಅವನನ್ನು ನೋಡಿಕೊಳ್ಳುವುದು.

ಮುಂದಿನ ಸಭೆಗೆ ಅವನನ್ನು ಕರೆದುಕೊಂಡು ಬರುತ್ತೇನೆ. ಕೆಳಗಿನ ಕೋಣೆಯಲ್ಲಿ ಇದ್ದರೆ ಅವನೇ ನಡೆದು ಒಳಗೆ ಬರುತ್ತಾನೆ. ‘ನಿನ್ನ ಪುದರ್ ದಾದ?’ ಅಂತ ಕೇಳಿ. ಸ್ವಲ್ಪ ಕಾಯಿರಿ, ಅವನಿಗೆ ಸ್ವಲ್ಪ ಹೊತ್ತು ಬೇಕು. ಹೆಸರು ಹೇಳುತ್ತಾನೆ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ಅಕ್ಕ